ತೆಗೆಸದೆ ಉಳಿದ ಚಿತ್ರ

ಫೆಬ್ರವರಿ 2, ಸೋಮವಾರ

ಸ್ತನದ ಎಕ್ಸ್‌ರೇ ಯಂತ್ರದ ವಾರ್ಷಿಕ ಪರೀಕ್ಷೆ ಇವತ್ತು ಮುಗಿಯಿತು. ಏಳೂಕಾಲಿಗೇ ಹೋಗಿದ್ದೆ. ಒಂಬತ್ತಕ್ಕೆ ಹೆಂಗಸರು ಬಂದು ಬೆಂಚಿನ ಮೇಲೆ ಕೂರುತ್ತಾರೆ, ಅಷ್ಟರೊಳಗೆ ಯಂತ್ರ ಬಿಟ್ಟುಕೊಡಬೇಕು. ಕೋಣೆಯ ಉಷ್ಣತೆ 22.5 ಡಿಗ್ರಿ. ಸ್ತನದ ಬದಲಿಗೆ ಅಕ್ರಿಲಿಕ್ ಪ್ಲಾಸ್ಟಿಕ್ಕಿನ ಹಲಗೆಗಳನ್ನು 45 ಮಿಲಿಮೀಟರ್ ದಪ್ಪಕ್ಕೆ ಜೋಡಿಸಿ, ಮೇಲಿನ ಒತ್ತುಹಲಗೆ ಇಳಿಸಿ, ಮಾಪಕ ಇಟ್ಟು, ಹತ್ತು ಸಲ ಕಿರಣ ಹಾಯಿಸಿದೆ. ಸ್ತನದೊಳಗಿನ ಗ್ರಂಥಿಗೆ ತಗಲುವ ವಿಕಿರಣದ ಸರಾಸರಿ ಡೋಸ್ 1.62 ಮಿಲಿಗ್ರೇ. ಕಳೆದ ವರ್ಷ 1.64 ಇತ್ತು. ಮಿತಿ ಎರಡೂವರೆ. ಬೆನ್ನು ತಟ್ಟಬೇಕಾದ ಕೆಲಸವೇ. ತಟ್ಟುವವರು ಯಾರೂ ಇಲ್ಲದ್ದರಿಂದ ಇಲ್ಲಿ ಬರೆದುಕೊಳ್ಳುತ್ತಿದ್ದೇನೆ.

ಹೊಸ ಆಡಳಿತಾಧಿಕಾರಿ ಬಾಗಿಲಲ್ಲಿ ನಿಂತು, "ಒಳಗೆ ಎಷ್ಟು ಹೋಯ್ತು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದರು. ಗೊತ್ತಾಗುವುದಿಲ್ಲ ಎಂದೆ. ಯಾರ ಎದೆಯೊಳಗೂ ಮಾಪಕ ಇಡಲಾಗುವುದಿಲ್ಲ. ಮೇಲೆ ಬಿದ್ದದ್ದನ್ನು ಅಳೆಯುತ್ತೇವೆ. ಆಮೇಲೆ ದಪ್ಪ, ವಯಸ್ಸು, ಕಿರಣದ ಗುಣ ನೋಡಿ, ಕೋಷ್ಟಕದಲ್ಲಿರುವ ಸಂಖ್ಯೆಗಳಿಂದ ಗುಣಿಸಿ ಅಂದಾಜು ಮಾಡುತ್ತೇವೆ. ಅಂದಾಜು ಎಂದ ಕೂಡಲೇ ಅವರ ಮುಖ ಸಪ್ಪಗಾಯಿತು. ಬಾಯಿಗೆ ಬಂದದ್ದು ಎಂದು ಅರ್ಥ ಮಾಡಿಕೊಂಡಿರಬೇಕು. ಇಂಥವರಿಗೆ ವಿವರಿಸುವ ಸಂಬಳ ನನಗೆ ಯಾರೂ ಕೊಡುತ್ತಿಲ್ಲ.

ಹೊರಡುವಾಗ ಬೆಂಚಿನ ಮೇಲೆ ನಾಲ್ವರು ಕೂತಿದ್ದರು. ಹಲಗೆಯಡಿ ಒತ್ತಿದಾಗ ಎದೆ ಎಷ್ಟು ಮಿಲಿಮೀಟರ್ ದಪ್ಪ ಇದ್ದೀತೆಂದು ನೋಡಿದ ಕೂಡಲೇ ಅಂದಾಜು ಮಾಡುವುದು ನನ್ನ ಚಾಳಿ. ನಲವತ್ತೆಂಟು, ಅರವತ್ತು, ಐವತ್ತೈದು, ಎಪ್ಪತ್ತು. ಚಿತ್ರ ತೆಗೆಯುವ ಟೆಕ್ನಿಷಿಯನ್‌ಗೆ ಈ ಚಾಳಿ ಗೊತ್ತು. "ಮೇಡಂಗೆ ಪ್ಲಾಸ್ಟಿಕ್ ಪೇಷಂಟೇ ಇಷ್ಟ. ಅದು ನೋವು ಅನ್ನಲ್ಲ, ಅಳಲ್ಲ, ಹೋಗ್ತಾ ಥ್ಯಾಂಕ್ಸೂ ಹೇಳಲ್ಲ" ಎಂದು ನಕ್ಕಳು. ನಿಜವೇ ಹೇಳಿದಳು.

ಸಂಜೆ ಅಕ್ಕ ಫೋನ್ ಮಾಡಿದ್ದಳು. "ಏ ಅಳತೆ, ಗುರುವಾರ ನಿಮ್ಮ ಆಸ್ಪತ್ರೆಗೆ ಬರ್ತೀನಿ. ಎಡಗಡೆ ಏನೋ ಗಟ್ಟಿಯಾಗಿ ಸಿಕ್ತಿದೆ. ಕೋಟಿನ ಗುಂಡಿಯಷ್ಟು." ಅಕ್ಕ ದರ್ಜಿ. ಎಲ್ಲವನ್ನೂ ಗುಂಡಿಯಲ್ಲೋ ಗೇಣಿನಲ್ಲೋ ಹೇಳುತ್ತಾಳೆ. ಚಿಕ್ಕವಳಿದ್ದಾಗ ಅವಳ ಟೇಪು ಕದ್ದು ಬೆಕ್ಕಿನ ಬಾಲ ಅಳೆದದ್ದಕ್ಕೆ ನನಗೆ ಆ ಹೆಸರು ಬಿತ್ತು. ನಲವತ್ತನಾಲ್ಕಾದರೂ ಬಿಟ್ಟಿಲ್ಲ.

ಫೆಬ್ರವರಿ 5, ಗುರುವಾರ

ಅಕ್ಕ ಬಂದಳು. ಗೌನು ತೊಟ್ಟು ಬೆನ್ನ ಹಿಂದೆ ಕೈ ತಿರುಗಿಸಿ ಲಾಡಿ ಹುಡುಕುತ್ತಾ, "ಇದನ್ನ ಹೊಲಿದವನಿಗೆ ತಲೆ ಇಲ್ವೇನೇ? ಎದೆ ತೋರಿಸೋಕೆ ಬಂದವರಿಗೆ ಬೆನ್ನಲ್ಲಿ ಗಂಟು!" ಎಂದು ರೇಗಿದಳು. ಟೆಕ್ನಿಷಿಯನ್ ನಕ್ಕೂ ನಕ್ಕೂ ಸುಸ್ತಾದಳು. ಚಿತ್ರ ತೆಗೆಯುವಾಗ ನಾನು ಎಂದಿನಂತೆ ಹೊರಗಿದ್ದೆ. ದಪ್ಪ 52. ಎಡಕ್ಕೆ ಎರಡು, ಬಲಕ್ಕೆ ಎರಡು ಚಿತ್ರ. ಪ್ರತಿಯೊಂದಕ್ಕೂ ಸುಮಾರು 1.6.

ಹಿರಿಯ ಡಾಕ್ಟರು ಚಿತ್ರದ ಮುಂದೆ ತುಂಬ ಹೊತ್ತು ಕೂತರು. ನನ್ನನ್ನು ಕಂಡೂ ಕಾಣದಂತೆ ಪರದೆಯ ಕಡೆಗೇ ತಿರುಗಿದರು.

ಫೆಬ್ರವರಿ 13, ಶುಕ್ರವಾರ

ಸೂಜಿ ಚುಚ್ಚಿ ತೆಗೆದ ತುಣುಕಿನ ವರದಿ ಬಂತು. ಕ್ಯಾನ್ಸರ್. ಕಂಕುಳಿನ ಗಂಟುಗಳಲ್ಲೂ ಇದೆ. ಯಕೃತ್ತಿನಲ್ಲಿ ಮೂರು ಮಚ್ಚೆ ಕಾಣುತ್ತಿವೆಯಂತೆ.

24 ಮಿಲಿಮೀಟರ್. ಕೋಟಿನ ಗುಂಡಿಯ ಅಳತೆ ಸರಿಯಾಗಿಯೇ ಇತ್ತು.

ಫೆಬ್ರವರಿ 15, ಭಾನುವಾರ

ಅಕ್ಕನ ಮನೆ. ಭಾವ ಅಂಚೆ ಹಂಚುವ ಕೆಲಸದವರು, ಮಾತು ಕಡಿಮೆ. ಇವತ್ತು ಚಹಾ ಲೋಟ ಕೈಗೆ ಕೊಟ್ಟವರು ಎದುರಿಗೇ ಕೂತರು.

"ನೋಡಮ್ಮ, ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡ. ಇವಳನ್ನ ಎರಡೆರಡು ವರ್ಷಕ್ಕೆ ಆ ಯಂತ್ರಕ್ಕೆ ಕೊಟ್ವಿ. ಒತ್ತಿ ಒತ್ತಿ ಎಕ್ಸ್‌ರೇ ತೆಗೆದ್ರು. ಇದು ಅದರಿಂದಲೇ ಬಂತಾ?"

ಇಲ್ಲ ಭಾವ, ಅಷ್ಟು ಕಡಿಮೆ ಡೋಸಿನಿಂದ ಹೀಗಾಗುವುದಿಲ್ಲ ಎಂದೆ.

"ಅಷ್ಟು ಅಂದ್ರೆ ಎಷ್ಟು?"

ಯಾರಾದರೂ ನನ್ನ ಕೆಲಸದ ಬಗ್ಗೆ ಸರಿಯಾದ ಪ್ರಶ್ನೆ ಕೇಳಿದ್ದು ಇದೇ ಮೊದಲು. ಅಕ್ಕನ ಎಲ್ಲ ಚಿತ್ರಗಳ ದಾಖಲೆ ತೆಗೆದು, ಒಂದೊಂದಕ್ಕೂ ಅಂದಾಜು ಮಾಡಿ, ಒಂದು ಹಾಳೆಯಲ್ಲಿ ಬರೆದು ಕೊಡುತ್ತೇನೆ ಎಂದೆ. ಭಾವ ತಲೆಯಾಡಿಸಿದರು. ಒಳಗಿನಿಂದ ಅಕ್ಕ, "ಅವಳಿಗೆ ಲೆಕ್ಕ ಕೊಟ್ರೆ ಊಟನೂ ಬೇಡ" ಎಂದಳು.

ಫೆಬ್ರವರಿ 18, ಬುಧವಾರ

ಊಟದ ಬಿಡುವಿನಲ್ಲಿ ದಾಖಲೆ ತೆಗೆದೆ. ಈ ಸಲದ್ದು ಬಿಟ್ಟರೆ ಹಿಂದೆ ಮೂರು ಭೇಟಿ. ನಲವತ್ತಮೂರನೇ ವಯಸ್ಸಿನಲ್ಲಿ, ನಲವತ್ತೈದರಲ್ಲಿ, ನಲವತ್ತೇಳರಲ್ಲಿ. ಎಡಕ್ಕೆ ಒಟ್ಟು ಆರು ಚಿತ್ರ. 1.58, 1.71, 1.60, 1.66, 1.63, 1.69. ಕೂಡಿದರೆ 9.87. ಭೂಮಿಯ ಮೇಲೆ ಸುಮ್ಮನೆ ಬದುಕಿರುವುದಕ್ಕೆ ಕೆಲವು ವರ್ಷಗಳಲ್ಲಿ ಎಲ್ಲರಿಗೂ ತಗಲುವಷ್ಟು. ಭಾವನಿಗೆ ಇದನ್ನೇ ಹೇಳಬಹುದು ಎಂದುಕೊಳ್ಳುತ್ತಾ ಕೊನೆಯ ಸಾಲಿಗೆ ಬಂದೆ.

ಕೊನೆಯ ಸಾಲು ಹಿಂದಿನ ಡಿಸೆಂಬರಿನದಲ್ಲ, ಅದರ ಹಿಂದಿನ ಡಿಸೆಂಬರಿನದು. "ಎಡಗಡೆ ಮಸುಕು. ದೊಡ್ಡದು ಮಾಡಿ ಇನ್ನೊಂದು ಚಿತ್ರ ಬೇಕು." ಅದರ ಮುಂದೆ: "ಬರಲಿಲ್ಲ." ಷರಾದಲ್ಲಿ ಸ್ವಾಗತದವರು ಬರೆದಿದ್ದಾರೆ: "ಫೋನ್ ಮಾಡಲಾಗಿದೆ. ತಂಗಿ ಇಲ್ಲೇ ಕೆಲಸ ಮಾಡುತ್ತಾರೆ, ಯಾವಾಗ ಬರಬೇಕೆಂದು ಅವರೇ ತಿಳಿಸುತ್ತಾರೆ ಎಂದರು."

ಮೂರು ಸಲ ಓದಿದೆ. ಯಾವ ತಂಗಿ ಎಂದು ಒಂದು ಕ್ಷಣ ನಿಜವಾಗಿಯೂ ಹೊಳೆಯಲಿಲ್ಲ.

ಫೆಬ್ರವರಿ 19, ಗುರುವಾರ

ರಜೆ ಹಾಕಿದೆ. ಬೀರುವಿನ ಕೆಳಗಿನ ಖಾನೆಯಿಂದ ಹಳೆಯ ದಿನಚರಿ ತೆಗೆದೆ. ಇದ್ದದ್ದನ್ನು ಇದ್ದ ಹಾಗೆ ಇಲ್ಲಿ ಇಳಿಸುತ್ತೇನೆ.

"ಡಿ. 4. ದೊಡ್ಡದು ಮಾಡಿ ತೆಗೆಯುವ ಪೀಠ ಕೂರಿಸಿದಾಗ ಯಂತ್ರ ಕಿರಣ ಸೋಸಲು ತಪ್ಪು ಫಿಲ್ಟರ್ ಆರಿಸುತ್ತಿದೆ. ಡೋಸ್ 5.8! ಮೂರರ ಆಸುಪಾಸು ಇರಬೇಕಿತ್ತು. ಇಂಜಿನಿಯರ್‌ಗೆ ಹೇಳಿಯಾಯಿತು. ಸರಿಹೋಗುವವರೆಗೆ ಯಾರಿಗೂ ಬೇಡ ಎಂದರೆ ಹಿರಿಯ ಡಾಕ್ಟರು ಒಪ್ಪಲಿಲ್ಲ. ಬೇಕಾದವರಿಗೆ ತೆಗೆಯಲೇಬೇಕು, ಈ ಡೋಸಿನಿಂದ ಯಾರೂ ಸಾಯುವುದಿಲ್ಲ ಎಂದರು. ಜಗಳವಾಡಿದೆ. ಅಕ್ಕನಿಗೂ ಇನ್ನೊಂದು ಚಿತ್ರಕ್ಕೆ ಕರೆ ಬಂದಿದೆಯಂತೆ. ಬಹುತೇಕ ಏನೂ ಇರುವುದಿಲ್ಲ, ಪದರದ ಮೇಲೆ ಪದರ ಬಿದ್ದ ನೆರಳು. ಯಂತ್ರ ಸರಿಮಾಡಿಸಿ ಹೇಳುತ್ತೇನೆ, ಆಮೇಲೆ ಬಾ ಎಂದಿದ್ದೇನೆ."

"ಡಿ. 27. ಫಿಲ್ಟರ್ ಸರಿಯಾಯಿತು. 3.0. ಗೆದ್ದೆ."

ಅಷ್ಟೇ. ಮುಂದಿನ ಪುಟಗಳಲ್ಲಿ ಅಕ್ಕ ಎಷ್ಟೋ ಸಲ ಬರುತ್ತಾಳೆ. ಅವಳು ಹೊಲಿದುಕೊಟ್ಟ ಕುಪ್ಪಸ, ಅವಳ ಮಂಡಿನೋವು, ಭಾವನ ಸೈಕಲ್. ಚಿತ್ರದ ಮಾತು ಇಲ್ಲ. ಮರೆತಿದ್ದೆ. ಹದಿನಾಲ್ಕು ತಿಂಗಳು ಮರೆತಿದ್ದೆ.

ಫೆಬ್ರವರಿ 20, ಶುಕ್ರವಾರ

ಆ ಮೂರು ವಾರಗಳ ಪಟ್ಟಿ ತೆಗೆದೆ. ಹನ್ನೊಂದು ಹೆಂಗಸರು ಆ 5.8ರಲ್ಲೇ ಚಿತ್ರ ತೆಗೆಸಿಕೊಂಡಿದ್ದಾರೆ. ಹತ್ತು ಮಂದಿಗೆ ಏನೂ ಇರಲಿಲ್ಲ. ಒಬ್ಬರಿಗೆ ಇತ್ತು, ಏಳು ಮಿಲಿಮೀಟರ್. ಆಕೆ ಚಿಕಿತ್ಸೆ ಮುಗಿಸಿ ಚೆನ್ನಾಗಿದ್ದಾರೆ. ಆ ಹನ್ನೊಂದು ಜನರಿಗೆ ಈ ಆಸ್ಪತ್ರೆಯಲ್ಲಿ ತಂಗಿ ಇರಲಿಲ್ಲ.

ನಾನು ಅಕ್ಕನಿಗೆ ಉಳಿಸಿಕೊಟ್ಟದ್ದು 2.8 ಮಿಲಿಗ್ರೇ.

ಫೆಬ್ರವರಿ 22, ಭಾನುವಾರ

ಭಾವನಿಗೆ ಹಾಳೆ ಕೊಟ್ಟೆ. ಆರು ಚಿತ್ರ, ಆರು ಸಂಖ್ಯೆ, ಒಂದು ಮೊತ್ತ, ಕೆಳಗೆ ನನ್ನ ಸಹಿ. ಕೊನೆಯ ಸಾಲಿನ ಷರಾ ಬರೆಯಲಿಲ್ಲ. ಭಾವ ಬೆರಳಿಟ್ಟು ಸಾಲು ಸಾಲೇ ಓದಿದರು. "ಹಾಗಾದ್ರೆ ಯಂತ್ರದ ತಪ್ಪಲ್ಲ" ಎಂದರು. ಅಲ್ಲ ಎಂದೆ. ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು. "ಮನಸ್ಸು ಹಗುರಾಯ್ತಮ್ಮ. ಇಷ್ಟು ದಿನ ನಾನೇ ಕರ್ಕೊಂಡು ಹೋಗಿ ಸಾವಿಗೆ ಕೊಟ್ಟೆ ಅನ್ನಿಸ್ತಿತ್ತು."

ನಾನು ಚಹಾ ಕುಡಿದೆ. ಒಂದು ಸುಳ್ಳೂ ಇರದ ಹಾಳೆ ಕೊಟ್ಟು ಕಳ್ಳಿಯ ಹಾಗೆ ಎದ್ದು ಬಂದೆ.

ಮಾರ್ಚ್ 9, ಸೋಮವಾರ

ಅಕ್ಕನಿಗೆ ಕೀಮೋದ ಮೊದಲ ಡ್ರಿಪ್. ನಾಲ್ಕು ಗಂಟೆ ಹತ್ತು ನಿಮಿಷ.

ಮಾರ್ಚ್ 25, ಬುಧವಾರ

ಅಕ್ಕನ ಕೂದಲು ಉದುರುತ್ತಿದೆ. ಬಾಚಣಿಗೆಯಲ್ಲಿ ಬಂದದ್ದನ್ನು ಕಿಟಕಿಯಿಂದ ಹಾರಿಬಿಟ್ಟು, "ಹಕ್ಕಿಗಳಿಗೆ ಗೂಡಿಗಾಯ್ತು" ಎಂದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ಹೊರಗೆ ಬಂದಾಗ, "ನೀರು ದಂಡ ಮಾಡ್ಬೇಡ್ವೇ" ಎಂದಳು. ಅವಳಿಗೆ ಏನೂ ಮುಚ್ಚಿಡಲಾಗದು. ಆ ಒಂದನ್ನು ಮಾತ್ರ ಮುಚ್ಚಿಟ್ಟಿದ್ದೇನೆ.

ಏಪ್ರಿಲ್ 12, ಭಾನುವಾರ

ಅಕ್ಕ ಹಠ ಮಾಡಿ ಹೊಲಿಗೆ ಯಂತ್ರದ ಮುಂದೆ ಕೂತು ಒಂದು ಗೌನು ಹೊಲಿದಿದ್ದಾಳೆ. ಮುಂದೆ ತೆರೆಯುತ್ತದೆ, ಲಾಡಿ ಪಕ್ಕದಲ್ಲಿ, ಅಂಚಿಗೆ ನೀಲಿ ಪಟ್ಟಿ. "ನಿಮ್ಮ ಟೆಕ್ನಿಷಿಯನ್‌ಗೆ ಕೊಡು. ಒಂದೊಂದೇ ಭಾಗ ಬಿಚ್ಚಿದ್ರೆ ಸಾಕು, ಪೂರ್ತಿ ಬೆತ್ತಲೆ ನಿಲ್ಲಬೇಕಾಗಿಲ್ಲ. ಒಳಗೆ ಒಂದಿಂಚು ಬಟ್ಟೆ ಬಿಟ್ಟಿದ್ದೀನಿ. ದಪ್ಪಗಿರೋರಿಗೆ ಬಿಚ್ಚಿ ಅಗಲ ಮಾಡಬಹುದು." ಇಷ್ಟು ಹೇಳುವಷ್ಟರಲ್ಲಿ ಏದುಸಿರು ಬಂತು.

ಏಪ್ರಿಲ್ 14, ಮಂಗಳವಾರ

ಗೌನು ಕೊಡಲು ಹೋದವಳು ಟೆಕ್ನಿಷಿಯನ್ ಒಳಗಿದ್ದಳೆಂದು ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿದ್ದಾಕೆ ಶಾಲೆಯಲ್ಲಿ ಗಣಿತ ಕಲಿಸುತ್ತಾರಂತೆ. ಅಂಗೈ ಬೆವರಿ ಕರವಸ್ತ್ರ ಮುದ್ದೆಯಾಗಿತ್ತು. "ನೀವೂ ತೆಗೆಸೋಕೆ ಬಂದಿದ್ದೀರಾ?" ಎಂದು ಕೇಳಿದರು. ಅಲ್ಲ ಎನ್ನಲು ಬಾಯಿ ಬರಲಿಲ್ಲ. ಆಕೆ ಒಳಗೆ ಹೋಗಿ ಬರುವವರೆಗೆ ಅವರ ಕೈಚೀಲ ಹಿಡಿದುಕೊಂಡಿದ್ದೆ.

ಮೇ 20, ಬುಧವಾರ

ಔಷಧಿ ನಾಟುತ್ತಿಲ್ಲ. ಯಕೃತ್ತಿನ ಮಚ್ಚೆಗಳು ದೊಡ್ಡವಾಗಿವೆ. ಎಷ್ಟು ಎಂದು ಡಾಕ್ಟರು ಹೇಳಿದರು. ಬರೆಯುವುದಿಲ್ಲ.

ಜೂನ್ 17, ಬುಧವಾರ

ಇವತ್ತು ಬೆಂಚಿನಲ್ಲಿ ತರಕಾರಿ ಮಾರುವ ಅಜ್ಜಿ ಇದ್ದರು. ಯಂತ್ರ ಒತ್ತುವಾಗ ಯಾರನ್ನ ಬೈಬೇಕು ಅಂತ ಮೊದಲೇ ಯೋಚಿಸಿ ಇಟ್ಕೊಂಡಿದ್ದೀನಿ, ನಾದಿನಿಯನ್ನ, ಎಂದರು. ಅಕ್ಕನಿಗೆ ಹೇಳಿದೆ. ಎಷ್ಟೋ ದಿನದ ಮೇಲೆ ನಕ್ಕಳು. "ದಿನಾ ಹೋಗಿ ಕೂತ್ಕೋತೀಯಾ ಅಲ್ಲಿ?" ಎಂದು ಕೇಳಿದಳು. ದಿನಾ ಏನಿಲ್ಲ ಎಂದೆ.

ಜುಲೈ 3, ಶುಕ್ರವಾರ

ಹೇಳಿಬಿಟ್ಟೆ.

ಮಧ್ಯಾಹ್ನ. ಭಾವ ಔಷಧಿ ತರಲು ಹೋಗಿದ್ದರು. ಅಕ್ಕ ದಿಂಬಿಗೆ ಒರಗಿ, ಹೊದಿಕೆ ಹಾಕಿದ ಹೊಲಿಗೆ ಯಂತ್ರ ನೋಡುತ್ತಾ ಮಲಗಿದ್ದಳು. ಅವಳ ಪಾದ ಒತ್ತುತ್ತಿದ್ದೆ. ಮುಖ ನೋಡಿಕೊಂಡು ಹೇಳುವ ಧೈರ್ಯವಿರಲಿಲ್ಲ, ಪಾದಕ್ಕೆ ಹೇಳಿದೆ. ಫಿಲ್ಟರ್, ಮೂರು ವಾರ, ಷರಾ, ಹಳೆಯ ದಿನಚರಿ, ಎಲ್ಲ.

ಅಕ್ಕ ಪಾದ ಎಳೆದುಕೊಳ್ಳಲಿಲ್ಲ. ಆಮೇಲೆ, "ಗೊತ್ತಿತ್ತು ಕಣೇ" ಎಂದಳು.

"ಏನು ಗೊತ್ತಿತ್ತು?"

"ನೀನು ಮರೆತಿದ್ದೀಯ ಅಂತ. ಒಂದು ತಿಂಗಳಾಯ್ತು, ಎರಡು ತಿಂಗಳಾಯ್ತು. ವಾರಕ್ಕೆ ಮೂರು ಸಲ ಫೋನ್ ಮಾಡ್ತಿದ್ದೆ ನಿನಗೆ. ಒಂದು ಸಲನಾದ್ರೂ ನೆನಪು ಮಾಡಿದ್ನಾ? ಆ ಯಂತ್ರ ಕಂಡ್ರೆ ಭಯ ನನಗೆ. ಏನಾದ್ರೂ ಸಿಕ್ಕಿಬಿಟ್ರೆ ಅಂತ ಇನ್ನೂ ಭಯ. ನೀನು ಮರೆತಷ್ಟೂ ನನಗೆ ನೆಮ್ಮದಿ ಇತ್ತು. ಬೈಯೋದಾದ್ರೆ ಇಬ್ಬರನ್ನೂ ಬೈಬೇಕು."

ಹಾಗಲ್ಲ ಅಕ್ಕ, ನಿನಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು ಎಂದೆ. ಕೈ ಎತ್ತಿ ಸುಮ್ಮನಿರಿಸಿದಳು.

"ನಿಮ್ಮ ಭಾವನಿಗೆ ನಾನಿರೋವರೆಗೆ ಹೇಳ್ಬೇಡ. ಅವರು ಆ ಹಾಳೆ ಜೇಬಲ್ಲಿಟ್ಕೊಂಡು ಊರಿಗೆಲ್ಲ ತೋರಿಸ್ತಿದ್ದಾರೆ." ಹೊದಿಕೆ ಸರಿಮಾಡಿಕೊಂಡು ಕೇಳಿದಳು: "ಅಂದ ಹಾಗೆ ನೀನು ತೆಗೆಸಿಕೊಂಡಿದ್ದೀಯಾ?"

ಇಲ್ಲ ಎಂದೆ. ಹದಿನೆಂಟು ವರ್ಷದಿಂದ ಆ ಕೋಣೆಗೆ ಹೋಗಿ ಬರುತ್ತಿದ್ದೇನೆ. ಒಂದು ಸಲವೂ ಇಲ್ಲ.

ಅಕ್ಕನಿಗೆ ಸಿಟ್ಟು ಬಂತು. ಅಲ್ಲಿಯವರೆಗೆ ನಾನು ಹೇಳಿದ್ದಕ್ಕೆಲ್ಲ ಬಾರದಿದ್ದ ಸಿಟ್ಟು. ಕತ್ತಿನ ನರ ಉಬ್ಬಿತು. "ಊರಿಗೆಲ್ಲ ಅಳತೆ! ನನ್ನ ಮೇಲಾಣೆ ಇಟ್ಟು ಹೇಳು, ತೆಗೆಸ್ಕೋತೀನಿ ಅಂತ."

ಹೇಳಿದೆ. ಆಮೇಲೆ ಅವಳ ಪಾದದ ಮೇಲೆ ತಲೆಯಿಟ್ಟು ಜೋರಾಗಿ ಅತ್ತೆ. ಅವಳು ನನ್ನನ್ನು ಕ್ಷಮಿಸಿದಳೋ, ನನ್ನ ಹೊರೆಯಲ್ಲಿ ಪಾಲು ತೆಗೆದುಕೊಂಡಳೋ ತಿಳಿಯಲಿಲ್ಲ. ಯಾವುದೂ ನನಗೆ ಸಲ್ಲಬೇಕಾದ್ದಲ್ಲ.

ಆಗಸ್ಟ್ 21, ಶುಕ್ರವಾರ

ಅಕ್ಕ ಹೋದಳು. ಬೆಳಗ್ಗೆ. ಕಿಟಕಿ ತೆರೆದಿತ್ತು.

ಆಗಸ್ಟ್ 31, ಸೋಮವಾರ

ಕೆಲಸಕ್ಕೆ ಹೋದೆ. ಗ್ರಂಥಿಯ ಅಂದಾಜಿಗೆ ನಮ್ಮಲ್ಲಿ ವಯಸ್ಸಿನ ಪ್ರಕಾರ ಎರಡು ಕೋಷ್ಟಕಗಳಿವೆ. ನಲವತ್ತರಿಂದ ನಲವತ್ತೊಂಬತ್ತರವರೆಗೆ ಒಂದು, ಐವತ್ತರಿಂದ ಅರವತ್ತನಾಲ್ಕರವರೆಗೆ ಇನ್ನೊಂದು. ಸಾವಿರ ಸಲ ಪುಟ ತಿರುಗಿಸಿದ್ದೇನೆ. ಇವತ್ತು ತಿರುಗಿಸಲಾಗಲಿಲ್ಲ. ಅಕ್ಕ ಎರಡನೆಯ ಕೋಷ್ಟಕಕ್ಕೆ ಬರಲೇ ಇಲ್ಲ.

ಸೆಪ್ಟೆಂಬರ್ 9, ಬುಧವಾರ

ಭಾವನಿಗೆ ಹೇಳಿದೆ. ಅಕ್ಕನ ಬಟ್ಟೆಗಳನ್ನು ಮಡಿಸುತ್ತಿದ್ದರು. ನಾನು ಮಾತು ಮುಗಿಸುವವರೆಗೆ ಕೈ ನಿಲ್ಲಿಸಲಿಲ್ಲ. ಮುಗಿದ ಮೇಲೆ ಎದ್ದು, ಗೂಟದಲ್ಲಿದ್ದ ಅಂಗಿಯ ಜೇಬಿನಿಂದ ಆ ಹಾಳೆ ತೆಗೆದರು. ಮಡಿಕೆಗಳಲ್ಲಿ ಹರಿದು ನಾಲ್ಕು ಚೂರಾಗುವಂತಿತ್ತು. ನನ್ನ ಕೈಗಿಟ್ಟರು.

"ಇದನ್ನ ತಗೊಂಡು ಹೋಗು" ಎಂದರು.

ಬಾಗಿಲವರೆಗೂ ಬರಲಿಲ್ಲ.

ಸೆಪ್ಟೆಂಬರ್ 28, ಸೋಮವಾರ

ಭಾವನಿಗೆ ಫೋನ್ ಮಾಡುತ್ತೇನೆ. ಎತ್ತುವುದಿಲ್ಲ. ಎತ್ತದಿರುವುದೇ ನ್ಯಾಯ.

ಅಕ್ಟೋಬರ್ 12, ಸೋಮವಾರ

ಆಣೆ ತೀರಿಸಿದೆ. ಬೆಂಚಿನ ಮೇಲೆ ಸರದಿಯಲ್ಲಿ ಕೂತೆ. ಪಕ್ಕದಲ್ಲಿ ಬಸ್ಸಿನ ಕಂಡಕ್ಟರ್ ಒಬ್ಬಾಕೆ, ಅವರ ಪಕ್ಕದಲ್ಲಿ ಮಗಳ ಮದುವೆಯ ಚಿಂತೆಯ ಒಬ್ಬರು. ಕಂಡಕ್ಟರ್ ನನ್ನ ಕೈ ಹಿಡಿದು, "ಏನಾಗಲ್ಲ ಬಿಡಿ, ಎರಡೇ ನಿಮಿಷ" ಎಂದರು. ನನಗೇ ಹೇಳಿದರು. ಕೇಳಿಸಿಕೊಂಡೆ.

ಟೆಕ್ನಿಷಿಯನ್ ಏನೂ ಮಾತಾಡದೆ ನೀಲಿ ಅಂಚಿನ ಗೌನು ಕೊಟ್ಟಳು. ಒಗೆದು ಒಗೆದು ಮೆತ್ತಗಾಗಿದೆ. ಲಾಡಿ ಪಕ್ಕದಲ್ಲೇ ಕೈಗೆ ಸಿಕ್ಕಿತು. ಒತ್ತುಹಲಗೆ ಇಳಿದಾಗ ಕಣ್ಣಲ್ಲಿ ನೀರು ಬಂತು. ಇಷ್ಟು ನೋಯುತ್ತದೆಂದು ನನಗೆ ಗೊತ್ತೇ ಇರಲಿಲ್ಲ. "ಉಸಿರು ಹಿಡ್ಕೊಳ್ಳಿ" ಎಂದಳು. ಹಿಡಿದೆ. "ಬಿಡಿ ಮೇಡಂ, ಆಯ್ತು, ಬಿಡಿ" ಎಂದು ಎರಡು ಸಲ ಹೇಳಬೇಕಾಯಿತು.

ಅಕ್ಟೋಬರ್ 14, ಬುಧವಾರ

ಹನ್ನೊಂದು ಗಂಟೆಗೆ ಟೆಕ್ನಿಷಿಯನ್ ನನ್ನ ಕೋಣೆಗೇ ಬಂದಳು. ಬಾಗಿಲು ಮುಂದೆ ಮಾಡಿ ನಿಂತಳು. "ಮೇಡಂ, ಎಡಗಡೆ ಏನೋ ಮಸುಕಾಗಿದೆಯಂತೆ. ದೊಡ್ಡದು ಮಾಡಿ ಇನ್ನೊಂದು ಚಿತ್ರ ಬೇಕಂತೆ. ಗಾಬರಿಯಾಗ್ಬೇಡಿ."

ಅವಳು ಹೋದ ಮೇಲೆ ಕೈ ತಾನಾಗಿಯೇ ಅಕ್ಕನ ನಂಬರು ಒತ್ತಿತು. ಅದು ಬಡಿದುಕೊಳ್ಳತೊಡಗಿದ ಮೇಲೆ ಏನು ಮಾಡುತ್ತಿದ್ದೇನೆಂದು ತಿಳಿಯಿತು. ಕತ್ತರಿಸುವಷ್ಟರಲ್ಲಿ ಆ ಕಡೆ ಭಾವ ಎತ್ತಿದ್ದರು. ಉಸಿರು ಕೇಳಿಸುತ್ತಿತ್ತು.

"ಭಾವ, ನನಗೆ ಇನ್ನೊಂದು ಚಿತ್ರ ತೆಗೆಸ್ಬೇಕಂತೆ" ಎಂದೆ. ಬೇರೇನೂ ಹೊಳೆಯಲಿಲ್ಲ.

"ಯಾವಾಗ?" ಎಂದರು.

"ಯಾವಾಗ ಬೇಕಾದ್ರೂ ಆಗುತ್ತೆ."

"ಈಗಲೇ ಹೋಗು. ನಾಳೆ ಅನ್ಬೇಡ. ಫೋನ್ ಇಡು, ಎದ್ದು ಹೋಗು."

ಹೋದೆ. ಯಂತ್ರ ಎಷ್ಟು ಕೊಡುತ್ತಿದೆ ಎಂದು ಕೇಳಲಿಲ್ಲ. ಟೆಕ್ನಿಷಿಯನ್ ಪೀಠ ಕೂರಿಸಿದಳು, ಹಲಗೆ ಇಳಿಸಿದಳು, ಉಸಿರು ಹಿಡಿದೆ, ಬಿಟ್ಟೆ. ಗೌನು ಕಟ್ಟಿಕೊಳ್ಳುತ್ತಿದ್ದಂತೆಯೇ ಹಿರಿಯ ಡಾಕ್ಟರು ಬಂದರು. "ಏನೂ ಇಲ್ಲ ಕಣಮ್ಮ. ಪದರದ ಮೇಲೆ ಪದರ ಬಿದ್ದಿತ್ತು. ಬರೀ ನೆರಳು" ಎಂದರು. ಆ ದಿನ ಅಕ್ಕನಿಗೆ ನಾನು ಹೇಳಿದ್ದ ಮಾತು. ಅವಳಿಗೆ ಸುಳ್ಳಾದದ್ದು ನನಗೆ ನಿಜವಾಯಿತು. ಬದುಕಿದೆ ಎಂದು ಒಂದಿಷ್ಟೂ ಸಂತೋಷವಾಗಲಿಲ್ಲ.

ಬಟ್ಟೆ ಬದಲಿಸಿ ವರದಿಗೆ ಕಾಯುತ್ತಾ ಬೆಂಚಿನಲ್ಲಿ ಕೂತಿದ್ದಾಗ ಭಾವ ಬಂದರು. ಅಂಚೆಯ ಚೀಲ ಇನ್ನೂ ಹೆಗಲಲ್ಲೇ ಇತ್ತು. ಸೈಕಲ್ ತುಳಿದು ಬೆವೆತಿದ್ದರು.

"ಯಾವಾಗ ಒಳಗೆ ಕರೀತಾರೆ?"

"ಆಯ್ತು ಭಾವ. ಏನೂ ಇಲ್ವಂತೆ."

ಅವರು ಮುಚ್ಚಿದ್ದ ಬಾಗಿಲು ನೋಡಿದರು. ಗೋಡೆಯ ಗಡಿಯಾರ ನೋಡಿದರು.

"ಆಗ್ಲೇ ಆಯ್ತಾ? ಎಷ್ಟೊತ್ತು ಹಿಡೀತು?"

"ಎರಡು ನಿಮಿಷ."

"ಇಷ್ಟೇನಾ?" ಎಂದರು ಭಾವ.

"ಇಷ್ಟೇ ಭಾವ" ಎಂದೆ.

ಚೀಲ ನೆಲಕ್ಕಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಲ್ಲೇ ಬೆಂಚಿನ ಮೇಲೆ ಕುಸಿದರು. ಪಕ್ಕದಲ್ಲಿದ್ದ ಹೆಂಗಸರು ಸರಿದು ಜಾಗ ಮಾಡಿಕೊಟ್ಟರು.